ಹೆಡ್ಮಾಸ್ತರ ರೇಷ್ಮೆ ಅಂಗಿ

ಇಸ್ತ್ರಿಪೆಟ್ಟಿಗೆಗೆ ಕಣ್ಣಿಲ್ಲ, ಹಿಡಿದವನಿಗೆ ಇರಬೇಕು. ಆವತ್ತು ಬೆಳಗ್ಗೆ ಇಸ್ತ್ರಿಯವನ ಕಣ್ಣು ಅಂಗಡಿಯ ಗೋಡೆ ಮೇಲಿತ್ತು. ಅಲ್ಲಿ ಹಳೇ ಕಲ್ಲುಗುಡಿಯ ಪಟ. ಪಟದಲ್ಲೊಬ್ಬಳು ಕಲ್ಲಿನ ಹೆಂಗಸು, ಅವಳ ಸೀರೆಗೆ ಕಲ್ಲಿನದೇ ನೆರಿಗೆ. "ಇಷ್ಟು ನೀಟಾಗಿ ನೆರಿಗೆ ಕೂರಿಸಿದ ಪುಣ್ಯಾತ್ಮ ಯಾರಪ್ಪಾ!" ಅಂತ ಅವನು ದಿನಾ ಬೆರಗಾಗುತ್ತಿದ್ದ. ಇವತ್ತು ಬೀದಿಯವರೆಲ್ಲ ಸೇರಿ ವ್ಯಾನು ಮಾಡಿಕೊಂಡು ಆ ಗುಡಿಗೇ ಹೊರಟಿದ್ದರು. ಖುಷಿಯಲ್ಲಿ ಪಟ ನೋಡುತ್ತ ನಿಂತವನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಪೆಟ್ಟಿಗೆ ಎತ್ತಿದರೆ, ಅವನಿಗಿದ್ದ ಒಂದೇ ಒಂದು ಒಳ್ಳೇ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಇನ್ನೊಂದು ಇಸ್ತ್ರಿಪೆಟ್ಟಿಗೆ ಮೂಡಿತ್ತು!

ಹೊರಗೆ ವ್ಯಾನು ಹಾರನ್ ಹೊಡೆಯಿತು.

ಎದುರಿಗೇ ಹೆಡ್ಮಾಸ್ತರ ಕೆನೆಬಣ್ಣದ ರೇಷ್ಮೆ ಅಂಗಿ ಮಡಿಸಿಟ್ಟಿತ್ತು. ಬೆಳ್ಳಿ ಗುಂಡಿಯದು. ನಾಳೆ ಸಂಜೆ ಒಯ್ಯುತ್ತೇನೆ ಅಂದಿದ್ದರು.

"ಬೇಡ ಕಣ್ರೀ," ಅಂದಳು ಹೆಂಡತಿ. "ಗಿರಾಕಿ ಬಟ್ಟೆ ಮೈಗೆ ಹಾಕ್ತಾನೆ ಅಂತ ಗೊತ್ತಾದ್ರೆ ನಾಳೆಯಿಂದ ಒಬ್ರೂ ಅಂಗಡಿ ಮೆಟ್ಟಿಲು ಹತ್ತಲ್ಲ. ಆಮೇಲೆ ನಮ್ಮ ಹೊಟ್ಟೆಗೆ ಇಸ್ತ್ರಿ ಹಾಕ್ಕೋಬೇಕು."

"ಮೇಷ್ಟ್ರು ಊರಲ್ಲೇ ಇಲ್ಲ ಕಣೇ. ನಾಳೆ ಒಂದು ಸಲ ಪೆಟ್ಟಿಗೆ ಆಡಿಸಿದ್ರೆ ಅಂಗಿಗೇ ಗೊತ್ತಾಗಲ್ಲ."

ಅವಳು ಸುಟ್ಟ ಅಂಗಿಯನ್ನು ಮಡಿಸಿ ಚೀಲದ ತಳಕ್ಕೆ ತುರುಕಿದಳು.

ವ್ಯಾನು ಹತ್ತುತ್ತಿದ್ದ ಹಾಗೆ ಹಿಟ್ಟಿನ ಗಿರಣಿ ಅಕ್ಕ ಕೂಗಿದಳು. ಗಿರಣಿ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಗುಟ್ಟೂ ಮೂರು ಬೀದಿಗೆ ಕೇಳುತ್ತಿತ್ತು. "ಅಯ್ಯಯ್ಯೋ, ಮದುಮಗ ಬಂದ ನೋಡ್ರಪ್ಪಾ! ಹೊಸದಾ?"

"ಹೂಂ ಅಕ್ಕ. ಮಾವ ಕೊಡಿಸಿದ್ದು."

"ಯಾವ ಮಾವ? ಮದುವೇಲಿ ನಿಂತುಹೋದ ಗಡಿಯಾರ ಕೊಟ್ಟ ಮಾವನಾ?" ಅಂದ ಕ್ಷೌರದಂಗಡಿಯಣ್ಣ. ಹೆಂಡತಿ ಕಿಟಕಿ ಕಡೆ ಮುಖ ತಿರುಗಿಸಿದಳು.

ಗುಡಿ ಬಂದಾಗ ಇಸ್ತ್ರಿಯವನು ಎಲ್ಲರಿಗಿಂತ ಮೊದಲು ವ್ಯಾನಿನಿಂದ ಹಾರಿದ. ಪಟದಲ್ಲಿ ಅಂಗೈಯಷ್ಟಿದ್ದದ್ದು ಇಲ್ಲಿ ಆಕಾಶ ಮುಚ್ಚಿ ನಿಂತಿತ್ತು. ಗೋಡೆ ನೆಟ್ಟಗಿರಲಿಲ್ಲ; ನೆರಿಗೆ ಹಿಡಿದ ಸೀರೆಯ ಹಾಗೆ ಮಡಿಕೆ ಮಡಿಕೆಯಾಗಿ ಗುಡಿಯನ್ನು ಸುತ್ತಿತ್ತು. ಆನೆ, ಕುದುರೆ, ಬಳ್ಳಿ, ಬಾಗಿ ಕನ್ನಡಿ ನೋಡುವ ಹೆಂಗಸು! "ಅಗೋ ಅವಳೇ! ನಮ್ಮ ಅಂಗಡಿಯೋಳು!" ಅಂತ ಅವನು ಮಗುವಿನ ಹಾಗೆ ಕುಣಿದ. ಆಸ್ಪತ್ರೆ ಕಾಂಪೌಂಡರು ಮೊಬೈಲು ಎತ್ತಿ, "ಅಲ್ಲೇ ನಿಲ್ಲಯ್ಯ, ಅಂಗಿ ಚೆನ್ನಾಗಿ ಬೀಳ್ತಿದೆ," ಅಂತ ಫೋಟೋ ಹೊಡೆದರು.

ಆಗಲೇ ಕಂಬಗಳ ಮಂಟಪದೊಳಗೆ ಹೆಡ್ಮಾಸ್ತರು ಕಂಡರು. ಕೋಲಿಗೆ ಗೋಣಿಚೀಲ ತೊಡಿಸಿದ ಹಾಗೆ ದೊಡ್ಡದೊಂದು ನೀಲಿ ಅಂಗಿ ಹಾಕಿಕೊಂಡು, ಹಣೆ ಮೇಲಿದ್ದ ಕನ್ನಡಕವನ್ನು ಜೇಬಿನಲ್ಲಿ ಹುಡುಕುತ್ತಿದ್ದರು. ಪಕ್ಕದಲ್ಲಿ ಅವರ ಭಾವಮೈದ, ಲಾರಿ ಓಡಿಸುವ ಆಳು, ಬಾಗಿಲಷ್ಟು ಅಗಲ.

ಇಸ್ತ್ರಿಯವನು ಕಂಬದ ಹಿಂದೆ ಸರಿದ. ಹಾಳಾದ ಕಂಬ, ಕಡೆದು ಉಜ್ಜಿ ಕನ್ನಡಿ ಮಾಡಿಟ್ಟಿದ್ದರು. ಎದುರಿನ ಕಂಬದಲ್ಲಿ ಒಬ್ಬ ಕೆನೆ ಅಂಗಿಯವನು, ಅದರಾಚೆಯದರಲ್ಲಿ ಇಬ್ಬರು. ಎತ್ತ ನೋಡಿದರೂ ಹೆಡ್ಮಾಸ್ತರ ಅಂಗಿ!

"ಏ ಇಸ್ತ್ರಿ! ಕಂಬ ತಬ್ಕೊಂಡು ಏನ್ ಮಾಡ್ತಿದ್ದೀಯೋ?" ಗಿರಣಿ ಅಕ್ಕನ ಕೂಗಿಗೆ ಗೋಪುರದ ಪಾರಿವಾಳಗಳೆಲ್ಲ ಹಾರಿದವು.

ಅವನು ಬಗ್ಗಿ ಓಡಿದ. ಗರ್ಭಗುಡಿಯ ಹಾದಿಯಲ್ಲಿ ಒಂದು ಹಲಗೆ ಕಂಡಿತು: ಗಂಡಸರು ಅಂಗಿ ತೆಗೆದು ಒಳಗೆ ಬರಬೇಕು. ದೇವರೇ ಕರೆದ ಹಾಗಾಯಿತು. ಅಲ್ಲಿ ಕಟ್ಟಿದ್ದ ಹಗ್ಗಕ್ಕೆ ಅಂಗಿ ನೇತುಹಾಕಿ, ಬರಿಮೈಯಲ್ಲಿ ಎದೆಯುಬ್ಬಿಸಿ ಒಳಗೆ ನಡೆದ.

ಅವನು ಕಂಬ ತಬ್ಬಿ ನಿಂತಾಗಲೇ ಒಳಗೆ ಹೋಗಿದ್ದ ಹೆಡ್ಮಾಸ್ತರೂ ಅಲ್ಲಿ ಬರಿಮೈಯಲ್ಲೇ ಇದ್ದರು. "ಓಹೋ, ನೀನೂ ಬಂದ್ಯಾ! ನನ್ನ ರೇಷ್ಮೆ ಅಂಗಿ ಆಯ್ತೇನಯ್ಯಾ?"

"ಆಯ್ತು ಸಾರ್. ಹಗ್ಗಕ್ಕೆ... ಅಲ್ಲ, ಮಡಿಸಿಟ್ಟಿದ್ದೀನಿ ಸಾರ್."

"ಮೇಲೆ ನೋಡು ಮತ್ತೆ!"

ಅವನು ತಲೆಯೆತ್ತಿದ. ಮೇಲ್ಛಾವಣಿಯಲ್ಲಿ ಅರಳಿ ಕೆಳಗಿಳಿದ ಕಲ್ಲಿನ ಕಮಲ, ಎಸಳಿನೊಳಗೆ ಎಸಳು. ಹೆದರಿಕೆ, ಅಂಗಿ, ಗಿರಾಕಿ ಎಲ್ಲ ಮರೆತುಹೋಯಿತು. ಕತ್ತು ನೋಯುವ ತನಕ ನೋಡಿದ. ಕೆಳಗೆ ನೋಡುವಾಗ ಹೆಡ್ಮಾಸ್ತರು ಪಕ್ಕದಲ್ಲಿರಲಿಲ್ಲ.

ಹೊರಗೋಡಿದ. ಹಗ್ಗದ ಮೇಲೆ ನೀಲಿ ಅಂಗಿ ಒಂದೇ ಇತ್ತು. ಮರೆಗುಳಿ ಹೆಡ್ಮಾಸ್ತರ ಬೆರಳಿಗೆ ರೂಢಿಯ ಬೆಳ್ಳಿ ಗುಂಡಿ ಸಿಕ್ಕಿರಬೇಕು. ಕೆನೆ ಅಂಗಿ ತೊಟ್ಟು ಅಂಗಳದಲ್ಲಿ ಅಕೋ ಹೋಗುತ್ತಿದ್ದರು.

ಇಸ್ತ್ರಿಯವನು ಒಂದು ಕ್ಷಣ ಕಲ್ಲಾದ. ಮರುಕ್ಷಣ ಮುಖ ಅರಳಿತು. ಅವರ ಅಂಗಿ ಅವರ ಮೈ ಸೇರಿತು! ಈ ನೀಲಿಯದನ್ನು ಇಸ್ತ್ರಿ ಮಾಡಿ ನಾಳೆ ಕೊಟ್ಟರೆ, ತಾವು ಇಸ್ತ್ರಿಗೆ ಕೊಟ್ಟದ್ದು ಇದನ್ನೇ ಅಂದುಕೊಳ್ಳುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನೀಲಿ ಅಂಗಿ ತೊಟ್ಟು, ತೋಳು ಮಡಿಸುತ್ತ ಮಡಿಸುತ್ತ ಹೊರಗೆ ಬಂದ.

ಕತ್ತಿನಪಟ್ಟಿಗೆ ಒಂದು ಕೈ ಬಿತ್ತು. ಬಾಗಿಲಷ್ಟು ಅಗಲದ ಭಾವಮೈದ. "ನಿಲ್ಲೋ! ಇದು ನನ್ನ ಅಂಗಿ!"

"ನಿಮ್ದಲ್ಲ ಸ್ವಾಮಿ, ಮೇಷ್ಟ್ರದು!" ಅಂದುಬಿಟ್ಟ.

"ಅಂದ್ರೆ ನಿನ್ದಲ್ಲ ಅಂತಾಯ್ತಲ್ಲ! ಭಾವನ ಒಳ್ಳೇ ಅಂಗಿ ಇಸ್ತ್ರಿಗೆ ಹೋಗಿದೆ ಅಂತ ಬೆಳಗ್ಗೆ ನಾನೇ ಕೊಟ್ಟಿದ್ದು ಇದು. ಕಳ್ಳ, ಕಳ್ಳ!"

ಜನ ಕೂಡಿತು. ಹೆಡ್ಮಾಸ್ತರು ಓಡಿಬಂದರು. ಇಸ್ತ್ರಿಯವನಿಗೆ ನಿಜ ಹೇಳಿದರೆ ಅಂಗಡಿ ಹೋಯಿತು, ಹೇಳದಿದ್ದರೆ ಮಾನ ಹೋಯಿತು. ಗುಂಪು ಸೀಳಿಕೊಂಡು ಗಿರಣಿ ಅಕ್ಕ ನುಗ್ಗಿದಳು.

"ಯಾರ್ರೀ ಕಳ್ಳ ಅನ್ನೋದು? ನಮ್ಮ ಹುಡುಗ ಅಪರಂಜಿ! ಅವನಿಗೆ ಅಂಗಿ ಕದಿಯೋ ಗತಿ ಏನು ಬಂದಿದೆ? ಬೆಳಗ್ಗೆ ರೇಷ್ಮೆ ಅಂಗಿ ಹಾಕ್ಕೊಂಡು ಬಂದಿದ್ದಾನೆ, ನಾವೆಲ್ಲ ಸಾಕ್ಷಿ. ಕಾಂಪೌಂಡ್ರೇ, ಫೋಟೋ ತೋರಿಸ್ರೀ!"

"ಬೇಡ ಅಕ್ಕಾ," ಅಂದ ಇಸ್ತ್ರಿಯವನು.

"ನೀನ್ ಸುಮ್ನಿರೋ, ನಿನಗೆ ತಿಳಿಯಲ್ಲ!"

ಕಾಂಪೌಂಡರು ಫೋಟೋ ತೋರಿಸಿದರು. ಹೆಡ್ಮಾಸ್ತರು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿದರು. ಫೋಟೋದ ಗುಂಡಿ ನೋಡಿದರು, ತಮ್ಮ ಎದೆಯ ಗುಂಡಿ ನೋಡಿದರು, ಆಮೇಲೆ ಇಸ್ತ್ರಿಯವನ ಮುಖ ನೋಡಿದರು.

"ಇಸ್ತ್ರಿ ಏನೋ ಚೆನ್ನಾಗಿದೆ ಕಣಯ್ಯಾ," ಅಂದರು ಮೆಲ್ಲಗೆ. "ಕಂಕುಳು ಯಾಕೆ ಒದ್ದೆಯಾಗಿದೆ ಅಂತ ಆಗ್ಲಿಂದ ಯೋಚನೆ ಮಾಡ್ತಿದ್ದೆ."

ವಾಪಸು ಬರುವಾಗ ವ್ಯಾನಿನಲ್ಲಿ ಗಿರಣಿ ಅಕ್ಕ ಕೂಡ ಮೌನ. ಒಬ್ಬೊಬ್ಬರೂ ತಾವು ಇಸ್ತ್ರಿಗೆ ಕೊಟ್ಟ ಬಟ್ಟೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಅವನ ಮೈಗೆ ತೊಡಿಸಿ ನೋಡುತ್ತಿದ್ದರು. ಇಸ್ತ್ರಿಯವನ ಮೈಮೇಲೆ, ಹೆಂಡತಿ ಚೀಲದ ತಳದಿಂದ ತೆಗೆದುಕೊಟ್ಟ ಸುಟ್ಟ ಅಂಗಿ.

ಹಿಂದಿನ ಸೀಟಿನ ಕ್ಷೌರದಂಗಡಿಯಣ್ಣ ಬೆನ್ನ ಮೇಲಿನ ಕಂದು ಗುರುತನ್ನು ಬೆರಳಿಂದ ಮುಟ್ಟಿದ. "ಹೊಸದಾ? ಮಾವ ಕೊಡಿಸಿದ್ದಾ?"

"ಅಲ್ಲಣ್ಣಾ," ಅಂದಳು ಹೆಂಡತಿ, ಕಿಟಕಿಯಿಂದ ಮುಖ ತಿರುಗಿಸದೆ. "ಇದೊಂದು ಮಾತ್ರ ಅವರದೇ."