ಲಂಕೆಯ ಬೆಂಕಿ, ಬೈಂದೂರಿನ ಗೋಳಿಬಜೆ

ಲಂಕೆಯ ಅಧ್ಯಕ್ಷರ ಬಂಗಲೆಗೆ ಜನ ನುಗ್ಗಿ, ಈಜುಕೊಳದಲ್ಲಿ ಮುಳುಗೇಳುವುದನ್ನು ಟಿವಿಯಲ್ಲಿ ಕಂಡದ್ದೇ ತಡ, ಬೈಂದೂರಿನ ಹೋಟೆಲಿನ ಉಮಾನಾಥನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಕಾರಣ, ಪಕ್ಕದ ಮನೆಯ ದೇವು. ಅವನ ಅಳಿಯ ಸುಜನ್ ಕೊಲಂಬೊದಲ್ಲಿ ಹೋಟೆಲಿಟ್ಟಿದ್ದ. "ನಮ್ ಅಳಿಯಂದ್ ಫಾರಿನ್ ಹೋಟ್ಲ್" ಎಂದು ದೇವು ಹೇಳಿದಾಗಲೆಲ್ಲ ಉಮಾನಾಥನ ಹೊಟ್ಟೆ ಧಗಧಗ ಉರಿಯುತ್ತಿತ್ತು.

"ಹ್ವಾಯ್ ಸುಗುಣಾ, ಅಲ್ಲಿ ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ. ಅವ ಇನ್ನೆಂತ ಹೋಟ್ಲ್ ಮಾಡ್ತ? ಲಂಕಿಗೆ ಬೆಂಕಿ ಬಿತ್ತ್ ಕಾಣ್!" ಎಂದು ಹೆಂಡತಿಗೆ ಕೂಗಿ ಹೇಳಿ, ಖುಷಿ ತಡೆಯದೆ ಗಿರಾಕಿಗಳಿಗೆಲ್ಲ ಗೋಳಿಬಜೆ ಪುಕ್ಕಟೆ ಹಂಚಿದ.

"ಬಜಿ ಪುಕ್ಕಟಿ, ಸೈ. ಹಲ್ಲ್ ನಮ್ದಲ್ದಾ?" ಎಂದ ಗಿರಾಕಿ ಗೋಪಿ, ಕಲ್ಲಿನಂಥ ಬಜೆ ಕಡಿಯುತ್ತ.

ಇನ್ನು ದೇವುವಿನ ಸಪ್ಪೆ ಮೋರೆ ಕಣ್ಣಾರೆ ನೋಡಬೇಕು! ಕಷ್ಟ ಬಂದವರನ್ನು ವಿಚಾರಿಸಲು ಹೋಗುವುದು ಊರ ಪದ್ಧತಿಯಲ್ಲವೇ? ಮುಖ ಇಳಿಬಿಟ್ಟುಕೊಂಡು ಹೋದ. ಜಗಲಿಯಲ್ಲಿ ಆಗಲೇ ಬಚ್ಚ ಕೂತಿದ್ದ. ಅವನ ಕಿವಿಗೆ ಬಿದ್ದ ಸುದ್ದಿ ಅರ್ಧ ಗಂಟೆಯಲ್ಲಿ ಆಚೆಯೂರು ಕಿರಿಮಂಜೇಶ್ವರ ದಾಟುತ್ತಿತ್ತು.

ದೇವುವಿನ ಹೆಂಡತಿ ಹರಿಣಾಕ್ಷಿ ಚಾ, ಬಿಸಿ ಗೋಳಿಬಜೆ ತಂದಿಟ್ಟಳು. ಉಮಾನಾಥ ಬಾಯಿಗಿಟ್ಟ. ಹತ್ತಿಯಂತೆ ಕರಗಿತು. ಇವರ ಮನೆಯ ಬಜೆಯೂ ತನ್ನದಕ್ಕಿಂತ ಮೇಲೇ! ಆ ಉರಿಯಲ್ಲೇ ಇನ್ನೊಂದು ತಿಂದ.

"ಪಾಪ, ಸುಜನ್ ಅಲ್ಲೇ ಸಿಕ್ಕಿ ಬಿದ್ನಾ?" ಎಂದು ಲೊಚಗುಟ್ಟಿದ. ದೇವು ನಿಟ್ಟುಸಿರು ಬಿಟ್ಟು, "ಎಂತ ಹೇಳುದ್ ಮಾರಾಯ, ಹೋಟ್ಲ್ ಬಾಗ್ಲ್ ಹಾಕ್ತ್" ಎಂದ.

ಬಚ್ಚ ನೋಡುತ್ತಿದ್ದಾನೆ, ದೊಡ್ಡ ಮನುಷ್ಯನಾಗಲು ಇದಕ್ಕಿಂತ ಒಳ್ಳೆಯ ಸಮಯವುಂಟೇ? ಹೇಗೂ ಪೆಟ್ರೋಲಿಲ್ಲದ ದೇಶದಿಂದ ಅವನು ಬರುವುದುಂಟೇ? ಉಮಾನಾಥ ಎದೆ ತಟ್ಟಿಕೊಂಡ.

"ಅವ ಇಲ್ಲಿಗೆ ಬರ್ಲಿ! ನನ್ ಹೋಟ್ಲಿಗೆ ತಾಗಿ ಕೋಣಿ ಖಾಲಿ ಇತ್ತ್. ಅಲ್ಲೇ ಹೋಟ್ಲ್ ಇಡ್ಲಿ. ಬಾಡ್ಗಿ ಬ್ಯಾಡ. ನಾನಿಪ್ಪುದ್ ಎಂತಕ್ಕೆ?" ಎಂದು ಮೂರನೆಯ ಗೋಳಿಬಜೆ ಬಾಯಿಗಿಟ್ಟ.

"ಮಾವ, ದೇವ್ರ್ ಬಂದಂಗೆ ಬಂದ್ರಿ!"

ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಜಾಲರಿ ಸಟ್ಟುಗ ಹಿಡಿದು, ಸುಜನ್ ನಿಂತಿದ್ದ. "ವಿಮಾನ ಇಳ್ದ್ ನಿನ್ನೆ ರೈಲಿಗೆ ಬಂದೆ. ಬಜಿ ಹೆಂಗಿತ್ತ್? ನಾಳೆಯೇ ಶುರು ಮಾಡ್ತೆ, ಬೀಗದ ಕೈ ಕೊಡಿ."

ಉಮಾನಾಥನಿಗೆ ಬಾಯಲ್ಲಿದ್ದ ಗೋಳಿಬಜೆಯನ್ನು ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಾತು ತಿರುಗಿಸೋಣವೆಂದು ಬಚ್ಚನ ಕಡೆ ನೋಡಿದರೆ ಅವನ ಕುರ್ಚಿ ಖಾಲಿ. ಸೈಕಲ್ಲು ಆಗಲೇ ಪೇಟೆಯ ದಾರಿ ಹಿಡಿದಿತ್ತು.

ಬೀಗದ ಕೈಗೆಂದು ಕಾಲೆಳೆಯುತ್ತ ಹೋಟೆಲಿಗೆ ಬಂದರೆ, ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಗೋಪಿ ಅರ್ಧ ತಿಂದ ಬಜೆಯ ಪ್ಲೇಟನ್ನು ಆಚೆ ಸರಿಸಿ, "ನಾಳೆ ಪಕ್ಕದ್ ಹೋಟ್ಲಲ್ಲೇ ತಿಂತೆ" ಎಂದು ಎದ್ದ.

ಬೀಗದ ಕೈ ಎದುರಿಗಿಟ್ಟು ಸುಗುಣ ಹೇಳಿದಳು: "ಲಂಕಿಗೆ ಬೆಂಕಿ ಬಿತ್ತ್ ಅಂದೇಳಿ ಕುಣಿದ್ರಿ. ಬಾಲ ನಿಮ್ದೇ ಅಂದೇಳಿ ನಂಗೆ ಗೊತ್ತಿರ್ಲಿಲ್ಲ!"