ಅಕ್ಕನಿಗೆ ಬಂದ ಮೈನಸ್

ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕೂತು ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ ನಾಚಿಕೆಯಿಂದಲೇ ಹೇಳಬೇಕು: "ನೂರಾರು ಮಹಿಳೆಯರು ಶಿಬಿರದ ಸದುಪಯೋಗ ಪಡೆದುಕೊಂಡರು." ಕಣ್ಣಿನ ಶಿಬಿರ, ಹಲ್ಲಿನ ಶಿಬಿರ, ಹೊಲಿಗೆ ಶಿಬಿರ, ಯಾವುದಾದರೂ ಸರಿ, ಕೊನೆಗೆ ಈ ಸಾಲು ಬಿದ್ದರೆ ವರದಿ ಮುಗಿಯಿತು. ಯಾರು, ಎಲ್ಲಿ, ಯಾವಾಗ ಎಂಬುದನ್ನು ಎರಡೆರಡು ಸಲ ಖಚಿತಪಡಿಸಿಕೊಳ್ಳದೆ ಏನನ್ನೂ ಅಚ್ಚಿಗೆ ಬಿಡದವಳು ನಾನು. ಯಾರದಾದರೂ ಇನಿಷಿಯಲ್ ತಪ್ಪಾಗಿ ಅಚ್ಚಾದರೆ ಆ ದಿನ ನನಗೆ ಅನ್ನ ಸೇರುವುದಿಲ್ಲ. ಆದರೆ ಸದುಪಯೋಗ ಪಡೆದ ಒಬ್ಬ ಹೆಂಗಸನ್ನಾದರೂ ನಿಲ್ಲಿಸಿ, "ಏನಮ್ಮ ಪಡೆದೆ, ತೋರಿಸು" ಎಂದು ಕೇಳಿದವಳಲ್ಲ. ಕೇಳದಿದ್ದುದರ ಫಲ ಕಳೆದ ತಿಂಗಳು ನನ್ನ ಅಕ್ಕನ ಮನೆಯ ಏಣಿಯ ಮೇಲೆ ನಿಂತಿತ್ತು.

ಆ ಶಿಬಿರ ನಡೆದದ್ದು ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ. ನಲವತ್ತೈದು ದಾಟಿದ ಹೆಂಗಸರಿಗೆ ಉಚಿತ ಮೂಳೆ ತಪಾಸಣೆ. ಮುಂದೆ ನಿಂತವರು ಯಾವುದೋ ಸಂಘದವರು, ಹಿಂದೆ ನಿಂತದ್ದು ಹಾಲಿಗೆ ಬೆರೆಸಿ ಕುಡಿಯುವ ಯಾವುದೋ ಪುಡಿಯ ಕಂಪನಿ. ವೇದಿಕೆಯ ಮೇಲೆ ಎಂಟು ಜನ ಗಣ್ಯರು, ಎಂಟೂ ಗಂಡಸರು. ಮುಟ್ಟು ನಿಲ್ಲುವ ಚಿಂತೆ ಅವರಲ್ಲಿ ಒಬ್ಬರಿಗೂ ಇದ್ದಂತೆ ಕಾಣಲಿಲ್ಲ. ಅವರಿಗೆ ಬಾದಾಮಿ ಹಾಲು. ಯಾರ ಮೂಳೆಗಾಗಿ ಇಷ್ಟೆಲ್ಲ ಸಡಗರವೋ ಆ ಹೆಂಗಸರಿಗೆ ಅರ್ಧ ಲೋಟ ಟೀ. "ಹೆಣ್ಣು ಸಂಸಾರದ ಬೆನ್ನೆಲುಬು" ಎಂದು ಎಂಟರಲ್ಲಿ ಆರು ಜನ ಹೇಳಿದರು, ನಾನು ಎಣಿಸಿದ್ದೇನೆ. ಆ ಬೆನ್ನೆಲುಬಿಗೆ ಹೊತ್ತುಹೊತ್ತಿಗೆ ಏನು ಹಾಕಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಒಬ್ಬರು ಎದ್ದು, ನಮ್ಮ ಸೀಮೆಯ ಕೊಬ್ಬರಿ ತಿಂದರೆ ಮೂಳೆ ಕಬ್ಬಿಣವಾಗುತ್ತದೆಂದು ಸಾರಿದರು. ಭಾರಿ ಚಪ್ಪಾಳೆ. ಕೊಬ್ಬರಿಯಲ್ಲಿ ನೂರು ಗುಣವಿರಬಹುದು, ಕ್ಯಾಲ್ಸಿಯಂ ಹುಡುಕಿದರೂ ಸಿಗುವುದು ಅಷ್ಟಕ್ಕಷ್ಟೆ. ಆದರೆ ತಿಪಟೂರಿನಲ್ಲಿ ನಿಂತು ಹಾಗೆ ಹೇಳುವ ಧೈರ್ಯ ಯಾರಿಗಿದೆ? ಡಾಕ್ಟರೂ ಚಪ್ಪಾಳೆ ತಟ್ಟಿದರು.

ಆಮೇಲೆ ಅದೇ ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸುತ್ತ, "ಋತುಬಂಧದ ನಂತರ ಮೂಳೆಗಳ ಸವೆತ ತೀವ್ರಗೊಳ್ಳುತ್ತದೆ" ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಕಂದಿಕೆರೆಯ ಹೆಂಗಸು ಗಾಬರಿಯಾಗಿ ನನ್ನ ಮೊಣಕೈ ತಿವಿದಳು. "ಯಾವ ಬಂದ್ ಅಂತೆ ಕಣ್ರೀ? ಸಾಯಂಕಾಲ ಬಸ್ ಇರ್ತವಾ?" ಮುಟ್ಟು ನಿಂತ ಮೇಲೆ ಎಂದು ಮೂರೇ ಪದದಲ್ಲಿ ಹೇಳಿದ್ದರೆ ಆ ಸಭೆಯಲ್ಲಿದ್ದ ಪ್ರತಿಯೊಬ್ಬಳಿಗೂ ತಿಳಿಯುತ್ತಿತ್ತು. ಪರದೆಯ ಮೇಲೆ ಬ್ರೊಕೊಲಿ ಬಂತು, ಗುಲಾಬಿ ಬಣ್ಣದ ಯಾವುದೋ ಸಮುದ್ರದ ಮೀನು ಬಂತು. ರಾಗಿ ಬರಲಿಲ್ಲ, ನುಗ್ಗೆಸೊಪ್ಪು ಬರಲಿಲ್ಲ, ಎಳ್ಳು, ಹುಚ್ಚೆಳ್ಳು ಬರಲಿಲ್ಲ. ಬಡವರ ಮನೆಯಲ್ಲಿ ಸಿಗುವ ಪದಾರ್ಥ ಪರದೆಯ ಮೇಲೆ ಬಂದರೆ ಪುಡಿಯ ಡಬ್ಬಿಯನ್ನು ಯಾರು ಕೇಳುತ್ತಾರೆ?

ಭಾಷಣ ಮುಗಿದ ಮೇಲೆ ಸಾಲು. ಹಿಮ್ಮಡಿಯನ್ನು ಒಂದು ಪುಟ್ಟ ಯಂತ್ರದೊಳಗೆ ಇಟ್ಟರೆ ಅದು ಒಂದು ಚೀಟಿ ಕಕ್ಕುತ್ತಿತ್ತು. ಚೀಟಿಯಲ್ಲಿ ಒಂದು ಅಂಕಿ, ಅದರ ಎಡಕ್ಕೆ ಮೈನಸ್ಸಿನ ಒಂದು ಸಣ್ಣ ಗೀಟು. ಕೈಗೊಂದು ಮಾದರಿ ಡಬ್ಬಿ ಕೊಟ್ಟು "ನೆಕ್ಸ್ಟ್" ಎನ್ನುತ್ತಿದ್ದರು. ಗೀಟಿನ ಅರ್ಥ ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂಳೆಯ ಗಟ್ಟಿತನ ಇರಬೇಕಾದ ಮಟ್ಟಕ್ಕಿಂತ ಅಷ್ಟು ಕೆಳಗಿದೆ ಎಂದು ಅದರ ಅರ್ಥ. ಮೈನಸ್ ಎರಡೂವರೆಗಿಂತ ಕೆಳಗೆ ಹೋದರೆ ಸುಮ್ಮನೆ ಎಡವಿ ಬಿದ್ದರೂ ಸೊಂಟ ಮುರಿಯಬಹುದು. ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಇದೆಲ್ಲ ಗೊತ್ತಿದ್ದೂ ಕಚೇರಿಗೆ ಹೋಗಿ ಎಂಟೂ ಗಣ್ಯರ ಹೆಸರನ್ನು ಇನಿಷಿಯಲ್ ಸಮೇತ ಬರೆದೆ. ಕೊನೆಗೆ ಸದುಪಯೋಗ.

ಮಾರನೆಯ ಬೆಳಿಗ್ಗೆ ದಂಡಿನಶಿವರದಿಂದ ಅಕ್ಕನ ಫೋನು. ಅವಳಿಗೆ ಅರವತ್ತೊಂದು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಶಿಬಿರಕ್ಕೆ ಬಾ ಬಾ ಎಂದು ಕರೆಸಿದ್ದವಳು ನಾನೇ.

"ಪೇಪರ್ ನೋಡ್ದೆ ಕಣೇ. ಸದುಪಯೋಗ ಅಂತ ಬರ್ದಿದೀಯ. ನಂಗಂತೂ ಆಯ್ತು ಬುಡು. ನಂದು ಮೈನಸ್ ಬಂದೈತೆ!"

"ಎಷ್ಟು?"

"ಎರಡು ಪಾಯಿಂಟ್ ಆರು. ನಿಮ್ಮ ಭಾವಂದು ಸಕ್ಕರೆ ಇನ್ನೂರರ ಮೇಲೈತೆ, ಇಳಿಸಿ ಇಳಿಸಿ ಅಂತ ಡಾಕ್ಟ್ರು ಬಯ್ತಾನೇ ಅವ್ರೆ. ನಂದು ನೋಡು, ಸೊನ್ನೆಗಿಂತಾನೂ ಕೆಳಕ್ಕೆ ಇಳಿದೈತೆ! ಚೀಟಿಗೆ ಅರಿಶಿನ ಕುಂಕುಮ ಇಟ್ಟು ದೇವರ ಮುಂದೆ ಇಟ್ಟಿದೀನಿ. ಮಂಡಿನೋವು ಅಂತ ಇಷ್ಟು ದಿನ ಅಟ್ಟ ಹತ್ತಿರ್ಲಿಲ್ಲ. ಅಲ್ಲಿ ಇಲಿ ತೆಂಗಿನಕಾಯಿ ಕೊರೀತಾವೆ. ಇವತ್ತು ಹತ್ತಿ ನೋಡೇ ಬುಡ್ತೀನಿ."

"ಅಕ್ಕ, ಹತ್ತಬೇಡ, ನಾನು ಹೇಳೋದು ಕೇಳು..."

"ಹಾಲು ಉಕ್ತಾ ಐತೆ ಕಣೇ, ಇಡ್ತೀನಿ."

ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅವಳನ್ನು ನೋಡಿ ನಗುವ ಹಕ್ಕು ಯಾರಿಗೂ ಇಲ್ಲ. ಹತ್ತು ವರ್ಷದಿಂದ ಭಾವನ ಸಕ್ಕರೆಯ ಅಂಕಿಯನ್ನು ಕಾದು ಕೂತವಳು ಅವಳು. ಏರಿದರೆ ಕೆಟ್ಟದ್ದು, ಇಳಿದರೆ ಒಳ್ಳೆಯದು. ಆ ಪಾಠದ ಪ್ರಕಾರ ಮೈನಸ್ ಎಂದರೆ ಪ್ರಥಮ ದರ್ಜೆ. ಒಳಗಿನಿಂದ ಸವೆದ ಸೊಂಟ ಇಟ್ಟುಕೊಂಡು ಅವಳು ಏಣಿ ಹತ್ತುವ ಚಿತ್ರ ಕಣ್ಣ ಮುಂದೆ ಬಂತು. ಸ್ಕೂಟರ್ ತೆಗೆದೆ. ದಾರಿಯ ಗುಂಡಿಗಳನ್ನು ಕುರಿತು ಹಿಂದೆ ನಾನೇ ಬರೆದ ವರದಿಗಳೆಲ್ಲ ಆ ದಿನ ಸೊಂಟಕ್ಕೆ ನೇರವಾಗಿ ತಲುಪಿದವು.

ನಾನು ಹೋದಾಗ ಅಕ್ಕ ಏಣಿಯ ಮೂರನೆಯ ಮೆಟ್ಟಿಲ ಮೇಲೆ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಇಳಿ ಅಕ್ಕ."

"ಯಾಕೇ?"

"ಮೈನಸ್ ಅಂದ್ರೆ ಒಳ್ಳೇದಲ್ಲ. ಇಲಿ ಕೊರೆದ ಕಾಯಿ ಹೊರಗಡೆಯಿಂದ ಹೆಂಗಿರುತ್ತೆ?"

"ಗುಂಡಗೆ ಚೆನ್ನಾಗೇ ಇರ್ತದೆ."

"ನಿನ್ನ ಮೂಳೆ ಹಂಗಾಗಿದೆ."

ಅವಳು ಒಂದೊಂದೇ ಮೆಟ್ಟಿಲು ಇಳಿದಳು. ದೇವರ ಗೂಡಿನಿಂದ ಚೀಟಿ ತೆಗೆದು ಸೆರಗಿನಿಂದ ಕುಂಕುಮ ಒರೆಸಿದಳು. "ಹಂಗಾದ್ರೆ ನೀನು ಪೇಪರ್‌ನಾಗೆ ಯಾಕೆ ಬರ್ದೆ, ಎಲ್ಲಾರ್ಗೂ ಸದುಪಯೋಗ ಆಯ್ತು ಅಂತ? ಅದನ್ನ ಓದಿ ತಾನೇ ನಾನು ಖುಷಿಪಟ್ಟಿದ್ದು?"

ಸಿಕ್ಕಿಬಿದ್ದಾಗ ನಮ್ಮ ವೃತ್ತಿಯವರು ಮಾಡುವ ಕೆಲಸವನ್ನೇ ಮಾಡಿದೆ, ಪ್ರಶ್ನೆ ಕೇಳತೊಡಗಿದೆ. ಅಡುಗೆಮನೆಯ ತನಿಖೆ ಹತ್ತು ನಿಮಿಷದಲ್ಲಿ ಮುಗಿಯಿತು. ಹಾಲು ಬೆಳಿಗ್ಗೆಯೇ ಡೈರಿಗೆ. ಉಳಿದದ್ದು ಭಾವನ ಗಟ್ಟಿ ಮೊಸರಿಗೆ. ಮಜ್ಜಿಗೆ ಎಂಬ ಹೆಸರಿನ ಬಿಳೀ ನೀರು ಅಕ್ಕನಿಗೆ. ಹೊತ್ತಿಗೆ ಕಟ್ಟುವುದು ಒಂದೇ ಒಂದು ಮುದ್ದೆ, ಸಕ್ಕರೆಗೆ ಒಳ್ಳೆಯದೆಂದು ಅದು ಭಾವನಿಗೆ. ತೊಳಸಿ ಕಟ್ಟಿದವಳಿಗೆ ರಾತ್ರಿ ಉಳಿದ ಅನ್ನ. ನುಗ್ಗೆಸೊಪ್ಪಿನ ಪಲ್ಯ ಭಾವನಿಗೆ, ಸೊಪ್ಪು ಬಿಡಿಸಿದ ಕಡ್ಡಿ ಅಕ್ಕನಿಗೆ. ಎಲ್ಲಕ್ಕಿಂತ ಮಿಗಿಲಾದದ್ದು ಪುಡಿಯ ಡಬ್ಬಿ. ಅದರ ಮೇಲೆ ನಗುನಗುತ್ತ ಓಡುವ ಹೆಂಗಸಿನ ಚಿತ್ರವಿತ್ತು. ಮುಚ್ಚಳ ತೆರೆದಾಗಿತ್ತು.

"ನೀನು ಕುಡಿದೆಯಾ?"

"ನಿಮ್ಮ ಭಾವ ಸುಸ್ತು ಅಂದ್ರು. ಕಲಸಿ ಕೊಟ್ಟೆ."

ನಾನು ಇಡೀ ಹೆಣ್ಣುಕುಲಕ್ಕೆ ಒಂದು ಸಂಪಾದಕೀಯ ಓದಿದೆ. ಕೊನೆಗೆ ತಿನ್ನುವವರು, ಉಳಿದದ್ದು ತಿನ್ನುವವರು, ಆಮೇಲೆ ನೋವು ನೋವು ಎಂದು ಎಣ್ಣೆ ತಿಕ್ಕುವವರು! ಅಕ್ಕ ತಾಳ್ಮೆಯಿಂದ ಕೇಳಿ, ಒಲೆಯ ಮೇಲೆ ಎಸರಿಟ್ಟು, ಮೂರು ಮುದ್ದೆಗಾಗುವಷ್ಟು ಹಿಟ್ಟು ಅಳೆದಳು. ಆಮೇಲೆ ತಿರುಗಿ ನೋಡಿದಳು.

"ನಿಂದೆಷ್ಟು?"

"ನಾನು ವರದಿ ಮಾಡೋಕೆ ಹೋಗಿದ್ದು."

"ನಾನು ಬಸ್ಸಿಗೆ ಹೊರಟ ಮೇಲೆ ನೀನೂ ಚಪ್ಪಲಿ ಬಿಟ್ಟು ಕಾಲಿಟ್ಟೆ. ನೋಡಿದೀನಿ ಕಣೇ."

"ಎರಡು ಪಾಯಿಂಟ್ ಎಂಟು."

"ಚೀಟಿ ಎಲ್ಲಿ?"

"ಆಫೀಸಿನ ನಿಘಂಟಿನೊಳಗೆ."

ಅಕ್ಕ ನಕ್ಕಳು, ಕೈಯಲ್ಲಿದ್ದ ಮುದ್ದೆಕೋಲು ಅಲ್ಲಾಡುವಷ್ಟು ನಕ್ಕಳು. "ನಂಗೆ ಅರ್ಥ ಗೊತ್ತಿಲ್ದೆ ದೇವರ ಮುಂದೆ ಇಟ್ಟೆ. ನಿಂಗೆ ಗೊತ್ತಿದ್ದೂ ಬಚ್ಚಿಟ್ಟೆಯಲ್ಲೇ! ಮಧ್ಯಾಹ್ನಕ್ಕೆ ಏನು ತಿಂತೀಯ ಆಫೀಸ್‌ನಾಗೆ?"

"ಕಾಫಿ. ಬಿಸ್ಕತ್ತು."

"ದೊಡ್ಡ ಸಂಪಾದಕೀಯ!"

ಭಾವ ತೋಟದಿಂದ ಬರುವ ಹೊತ್ತಿಗೆ ನಾವಿಬ್ಬರೂ ಹುಚ್ಚೆಳ್ಳಿನ ಚಟ್ನಿ, ಪಲ್ಯದ ಜೊತೆ ಒಂದೊಂದು ಮುದ್ದೆ ಮುಗಿಸಿ ಮೊಸರಿನ ತಳಕ್ಕೆ ತಲುಪಿದ್ದೆವು. ಭಾವ ಪಾತ್ರೆಯನ್ನು ಬಗ್ಗಿ ನೋಡಿ, ಅಪಘಾತದ ಸ್ಥಳಕ್ಕೆ ಬಂದವರ ದನಿಯಲ್ಲಿ ಕೇಳಿದರು: "ಮೊಸರು ಆಗೋಯ್ತಾ?"

"ಮಜ್ಜಿಗೆ ಐತೆ. ನಂಗೆ ನಲವತ್ತು ವರ್ಷ ಸಾಕಾಗಿತ್ತು, ನಿಮಗೆ ಒಂದಿನ ಸಾಕು ಕೂತ್ಕಳ್ರಿ" ಎಂದಳು ಅಕ್ಕ.

ಹೊರಡುವಾಗ ಅವಳು ಬಾಗಿಲಲ್ಲಿ ಕೈ ಚಾಚಿ ನಿಂತಳು. "ಕೀ ಕೊಡು."

"ಯಾವ ಕೀ?"

"ಸ್ಕೂಟರ್‌ದು. ನಾನು ಎರಡು ಪಾಯಿಂಟ್ ಆರು ಇಟ್ಕೊಂಡು ಏಣಿ ಹತ್ತಬಾರ್ದು. ನೀನು ಎಂಟು ಇಟ್ಕೊಂಡು ಆ ಗುಂಡಿಯೊಳಗೆ ಹೋಗ್ಬೋದಾ? ದೊಡ್ಡಾಸ್ಪತ್ರೆಗೆ ಇಬ್ರೂ ಹೋಗಿ ಬರಾಣ, ಆಮೇಲೆ ಕೀ."

ಕೀಯನ್ನು ದೇವರ ಗೂಡಿನಲ್ಲಿ, ಚೀಟಿ ಇದ್ದ ಜಾಗದಲ್ಲಿಯೇ ಇಟ್ಟಳು. ನಾನು ಅವಳು ಕಟ್ಟಿಕೊಟ್ಟ ರಾಗಿಹಿಟ್ಟಿನ ಗಂಟು ತಬ್ಬಿಕೊಂಡು ಬಸ್ಸಿನಲ್ಲಿ ಬಂದೆ. ಕಚೇರಿಯಲ್ಲಿ ಮೈನಸ್ಸಿನ ಅರ್ಥ ವಿವರಿಸಿ ಹತ್ತು ಸಾಲು ಬರೆದುಕೊಟ್ಟೆ. ಮೂರು ಸಾಲು ಅಚ್ಚಾಯಿತು. ಉಳಿದ ಜಾಗಕ್ಕೆ ಪುಡಿಯ ಜಾಹೀರಾತು ಬಂದಿತ್ತು.

ಆದ್ದರಿಂದ ಹಿಂದಿನ ವರದಿಗೆ ಪೂರ್ಣ ತಿದ್ದುಪಡಿಯನ್ನು ಇಲ್ಲಿಯೇ ಕೊಡುತ್ತಿದ್ದೇನೆ. ಸದರಿ ಶಿಬಿರದ ಸದುಪಯೋಗ ಪಡೆದ ಮಹಿಳೆಯರು ನೂರಾರು ಅಲ್ಲ. ನಾನು ಖುದ್ದಾಗಿ ಖಚಿತಪಡಿಸಿಕೊಂಡ ಮಟ್ಟಿಗೆ ಇಬ್ಬರು. ಒಬ್ಬಳು ಏಣಿಯಿಂದ ತಾನೇ ಇಳಿದಳು. ಇನ್ನೊಬ್ಬಳನ್ನು ಸ್ಕೂಟರಿನಿಂದ ಇಳಿಸಬೇಕಾಯಿತು.