ಬ್ಯಾಚುಲರನ ಕ್ಯಾರವಾನ್

ಕುವೈತಿಗೆ ಬಂದ ಮೇಲೆ ನಾನು ಮೊದಲು ತಿಳಿದುಕೊಂಡ ಸಂಗತಿಯೆಂದರೆ ನಾನೊಬ್ಬ ಬ್ಯಾಚುಲರ್ ಎಂಬುದು. ಊರಿನ ಇಗರ್ಜಿಯಲ್ಲಿ ಎಲ್ಲರೆದುರು ಮದುವೆಯಾದವನು ನಾನು. ಇಬ್ಬರು ಮಕ್ಕಳಿಗೆ ಜ್ಞಾನಸ್ನಾನವನ್ನೂ ಮಾಡಿಸಿ ಊಟ ಹಾಕಿಸಿದ್ದೇನೆ. ಇಲ್ಲಿ ಅದ್ಯಾವುದೂ ಲೆಕ್ಕಕ್ಕಿಲ್ಲ. ಹೆಂಡತಿ ಮಕ್ಕಳು ಜತೆಯಲ್ಲಿದ್ದರೆ ಫ್ಯಾಮಿಲಿ, ಊರಿನಲ್ಲಿದ್ದರೆ ಬ್ಯಾಚುಲರ್. ಮಂಗಫಿನಲ್ಲಿ ನಮ್ಮ ರೂಮಿನಲ್ಲಿದ್ದ ನಾಲ್ವರೂ ಇಂಥ ಬ್ಯಾಚುಲರುಗಳೇ. ಅವರಲ್ಲಿ ಹಿರಿಯರಾದ ಲ್ಯಾನ್ಸಿಯವರಿಗೆ ಮೊಮ್ಮಗನೂ ಹುಟ್ಟಿದ್ದ. ಆದರೂ ಎದುರಿನ ಫ್ಯಾಮಿಲಿ ಕಟ್ಟಡದ ವಾಚ್‌ಮನ್ ಅವರನ್ನು ಕಂಡರೆ ಸಾಕು, ‘ಇಲ್ಲಿ ಬ್ಯಾಚುಲರುಗಳು ನಿಲ್ಲಬಾರದು’ ಎಂದು ಗದರುತ್ತಿದ್ದ. ಲ್ಯಾನ್ಸಿಯವರು ಬೋಳುತಲೆ ಸವರಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಅದನ್ನು ನೋಡಿ ನಾವು ನಗುತ್ತಿದ್ದೆವು.

ಈ ಬ್ಯಾಚುಲರ್ ಪಟ್ಟವನ್ನು ಕಳಚಿಹಾಕಿ ಫ್ಯಾಮಿಲಿಯಾಗಬೇಕೆಂಬ ಆಸೆ ನನಗೆ ಬಹಳ ಹಿಂದಿನಿಂದಲೂ ಇತ್ತು. ವೀಸಾ ಸಿಗುವ ಹೊತ್ತಿಗೆ ಬಾಡಿಗೆ ಏರುತ್ತಿತ್ತು, ಬಾಡಿಗೆ ಹೊಂದಿಸಿಕೊಳ್ಳುವ ಹೊತ್ತಿಗೆ ವೀಸಾ ನಿಲ್ಲುತ್ತಿತ್ತು. ಕೊನೆಗೆ ದಾರಿ ತೋರಿಸಿದ್ದು ಒಂದು ಹಳೆಯ ಕ್ಯಾರವಾನ್. ನಾನು ಕೆಲಸಕ್ಕಿರುವುದು ಸಬ್ಹಾನಿನ ಒಂದು ವರ್ಕ್‌ಶಾಪಿನಲ್ಲಿ, ಸ್ಟೋರ್‌ಕೀಪರ್ ಆಗಿ. ಕಾರಿನ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಚಕ್ರದ ಮನೆಗಳನ್ನು ರಿಪೇರಿ ಮಾಡುವುದು, ಒಳಗೆ ಮರಗೆಲಸ ಮಾಡಿಸುವುದು ನಮ್ಮ ಕಸುಬು. ಚಳಿಗಾಲ ಬಂತೆಂದರೆ ಇಲ್ಲಿಯ ಜನ ಇಂಥ ಕ್ಯಾರವಾನ್ ಎಳೆದುಕೊಂಡು ಮರುಭೂಮಿಗೆ ಹೋಗಿ ಬಿಡಾರ ಹೂಡುತ್ತಾರೆ. ದೊಡ್ಡ ಮನೆಯಿದ್ದವರಿಗೆ ಸಣ್ಣ ಮನೆಯಲ್ಲಿರುವುದೊಂದು ಮೋಜು. ನಮ್ಮ ಮಾಲೀಕರಾದ ಅಬು ಫಹದ್ ತಮ್ಮದೇ ಒಂದು ಕ್ಯಾರವಾನನ್ನು ಅಂಗಳದ ಮೂಲೆಗೆ ತಂದು ನಿಲ್ಲಿಸಿ, “ವಿಕ್ಟರ್, ಇದನ್ನು ಒಡೆದು ಗುಜರಿಗೆ ಹಾಕು” ಎಂದರು. ನಾನು ತಲೆ ಕೆರೆದುಕೊಂಡು, ನನ್ನ ಫ್ಯಾಮಿಲಿಯನ್ನು ಕರೆಸಿಕೊಂಡು ಇದರಲ್ಲೇ ಇದ್ದುಬಿಡಲೇ ಎಂದು ಕೇಳಿದೆ. ಅವರು ಒಮ್ಮೆ ಕ್ಯಾರವಾನನ್ನೂ ಒಮ್ಮೆ ನನ್ನನ್ನೂ ನೋಡಿ, “ಖಲಾಸ್, ತಗೋ” ಎಂದುಬಿಟ್ಟರು. ಮಂಗಫಿನ ಹತ್ತಿರ ಖಾಲಿ ಬಿದ್ದಿದ್ದ ತಮ್ಮ ಹಳೆಯ ಮನೆಯ ಕಾಂಪೌಂಡಿನಲ್ಲಿ ಅದನ್ನು ನಿಲ್ಲಿಸಿಕೊಳ್ಳಲೂ ಹೇಳಿದರು. ನೀರು, ಕರೆಂಟು ಆ ಮನೆಯಿಂದಲೇ. ವೀಸಾಕ್ಕೆ ಬೇಕಾದ ವಿಳಾಸದ ತಾಪತ್ರಯವನ್ನೂ ಅವರೇ ನೋಡಿಕೊಂಡರು.

ಹೆಂಡತಿ ಗ್ರೆಟ್ಟಾಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಹಿಗ್ಗಿಬಿಡುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆ, “ಅದಕ್ಕೆ ಚಕ್ರ ಉಂಟಲ್ಲ, ನಾವು ಮಲಗಿರುವಾಗ ಉರುಳಿ ಹೋದರೆ?” ಇಟ್ಟಿಗೆ ಕೊಟ್ಟು ನಿಲ್ಲಿಸುತ್ತೇನೆ ಎಂದೆ. “ಆಯ್ತು, ಒಂದು ವರ್ಷ ನೋಡುವ. ಇಷ್ಟು ವರ್ಷ ಫೋನಿನಲ್ಲೇ ಸಂಸಾರ ಮಾಡಿ ಆಯ್ತು. ಎಲ್ಲರೂ ಒಟ್ಟಿಗೆ ಇರ್ಲಿಕ್ಕೆ ಆಗ್ತದಾದರೆ ಡಬ್ಬದಲ್ಲಾದರೂ ಇರುವ. ಆಗ್ಲಿಲ್ಲವೋ, ಮಕ್ಕಳನ್ನು ಕರ್ಕೊಂಡು ವಾಪಸ್ ಬಂದುಬಿಡ್ತೇನೆ. ಪುನಃ ನನ್ನನ್ನು ಕರೀಬೇಡಿ.” ಗ್ರೆಟ್ಟಾ ಒಂದು ಮಾತು ಹೇಳಿದರೆ ಹೇಳಿದಂತೆಯೇ ಮಾಡುವವಳು. ನನಗೆ ಖುಷಿಗಿಂತ ಹೆಚ್ಚಾಗಿ ಭಯವಾಯಿತು.

ಕ್ಯಾರವಾನಿನ ಒಳಗಿನ ಅವಸ್ಥೆಯನ್ನು ಹೇಳಬೇಕು. ಅದನ್ನು ಮಾಡಿಸಿದವರಿಗೆ ಬೇಕಾಗಿದ್ದುದು ಕೂತು ಹರಟೆ ಹೊಡೆಯುವ ಜಾಗ. ಮೂರೂ ಗೋಡೆಗೆ ತಾಗಿಸಿ ಕೆಂಪು ಮಖಮಲ್ಲಿನ ಸೋಫಾ, ನಡುವೆ ಚಹಾದ ಮೇಜು, ಮೇಲ್ಗಡೆ ಸಣ್ಣದೊಂದು ತೂಗುದೀಪ. ಅಡುಗೆಗೆಂದು ಕೊಟ್ಟ ಜಾಗದಲ್ಲಿ ಒಂದು ಕೆಟಲ್ ಇಟ್ಟರೆ ಅದರ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡಿರಬೇಕಿತ್ತು. ನಮ್ಮ ವರ್ಕ್‌ಶಾಪಿನ ಬಡಗಿ ಶಬ್ಬೀರ್‌ಭಾಯಿಯನ್ನು ಹಿಡಿದು, ರಜೆಯ ಶುಕ್ರವಾರಗಳಲ್ಲಿ ಕೂತು ಕೆಲಸ ಶುರುಮಾಡಿದೆವು. ಸೋಫಾ ಕಿತ್ತೆವು. ತೂಗುದೀಪವನ್ನು ಶಬ್ಬೀರ್‌ಭಾಯಿ ಊರಿನಲ್ಲಿ ಮಗಳ ಮದುವೆಗಾಗುತ್ತದೆಂದು ಇಟ್ಟುಕೊಂಡ. ಪ್ರತಿ ಶುಕ್ರವಾರ ಗ್ರೆಟ್ಟಾಳಿಗೆ ವಿಡಿಯೋ ಕಾಲ್ ಮಾಡಿ ಒಳಗೆಲ್ಲ ತೋರಿಸುತ್ತಿದ್ದೆ. ಆದರೆ ಆ ಕ್ಯಾರವಾನಿನಲ್ಲಿ ಫೋನ್ ಹಿಡಿದ ನನ್ನ ಕೈ ಒಂದು ಮೊಳ ಹಿಂದಕ್ಕೂ ಹೋಗುತ್ತಿರಲಿಲ್ಲ. ಹಾಗಾಗಿ ಅವಳಿಗೆ ಕಾಣಿಸಿದ್ದೆಲ್ಲ ಒಂದೊಂದು ಹಲಗೆ, ಒಂದೊಂದು ಸ್ಕ್ರೂ ಮಾತ್ರ.

ಅವಳ ಕಡೆಯಿಂದ ಬೇಡಿಕೆಗಳು ಬರತೊಡಗಿದವು. ಮೊದಲನೆಯದು ಅಲ್ತಾರ್. ದೇವರ ಪೀಠವಿಲ್ಲದ ಮನೆಗೆ ಕಾಲಿಡುವುದಿಲ್ಲ ಎಂದಳು. ಫ್ರಿಜ್ಜಿನ ಮೇಲೆ ಹಲಗೆ ಬಡಿದು ಅಲ್ತಾರ್ ಮಾಡಿದೆ. ಮೇಣದಬತ್ತಿ ಹಚ್ಚಿದರೆ ಮೇಲಿನ ಪ್ಲೈವುಡ್ ಹೊತ್ತಿಕೊಳ್ಳಬಹುದೆಂದು ಬ್ಯಾಟರಿಯ ದೀಪ ಹಾಕಿದೆ. ಎರಡನೆಯದು ಗ್ರೈಂಡರ್, ಇಡ್ಲಿಯಂಥ ನಮ್ಮ ಸಾನ್ನಾಂ ಮಾಡಲು ಹಿಟ್ಟು ರುಬ್ಬುವುದಕ್ಕೆ. ಅದನ್ನು ಚಾಲೂ ಮಾಡಿದರೆ ಇಡೀ ಮನೆಯೇ ನಡುಗುತ್ತಿತ್ತು, ಸ್ಪ್ರಿಂಗಿನ ಮೇಲೆ ನಿಂತ ಮನೆ ತಾನೆ. ಹೈಸ್ಕೂಲಿಗೆ ಬಂದಿದ್ದ ಮಗಳು ರಿಯೋನಾಳಿಗೆ ಓದುವ ಮೇಜು, ಪರದೆ ಎಳೆದುಕೊಳ್ಳುವ ಮೇಲಿನ ಹಾಸಿಗೆ. ಸಣ್ಣವನಾದ ಎಲ್ಸ್ಟನ್‌ಗೆ ಕೆಳಗಿನ ಹಾಸಿಗೆ, ಅದರಡಿಯಲ್ಲಿ ಕುಚ್ಚಲಕ್ಕಿ ಮೂಟೆ. ಗ್ರೆಟ್ಟಾಳಿಗೆ ಎದುರು ಗೋಡೆಗೆ ಒಬ್ಬರು ಮಲಗುವ ಮಂಚ, ಅದಕ್ಕೆ ತಾಗಿಸಿ ಸ್ಕ್ರೂ ಹಾಕಿ ಕೂರಿಸಿದ ಬಟ್ಟೆಯ ಕಪಾಟು. ಬಾಗಿಲಿನ ಹಿಂದೆ ಟವೆಲ್ ಹಾಕುವ ಮೂರು ಗೂಟ, ಸಿಂಕಿನ ಮೇಲೆ ಮೂರು ತಟ್ಟೆ ನಿಲ್ಲುವ ಸ್ಟ್ಯಾಂಡು. ಕುಳಿತು ಉಣ್ಣಲು ಮಡಚುವ ಮೇಜಿನ ಸುತ್ತ ಮೂರು ಸ್ಟೂಲು.

ಇಷ್ಟು ಓದಿದಾಗಲೇ ನಿಮಗೆ ಗೊತ್ತಾಗಿರಬೇಕು. ನನಗೆ ಮಾತ್ರ ಗೊತ್ತಾಗಲಿಲ್ಲ. ತಮಾಷೆಯೆಂದರೆ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಕೆಲಸ ಮುಗಿದ ದಿನ ವರ್ಕ್‌ಶಾಪಿನ ಅಷ್ಟೂ ಜನ ಒಳಗೆ ಹತ್ತಿ ಇಳಿದು ನೋಡಿದರು. ವೆಲ್ಡರ್ ಒಬ್ಬ ಹಾಸಿಗೆಯನ್ನು ಒತ್ತಿ ನೋಡಿ, ಫ್ಯಾಮಿಲಿಗೆ ಏನು ಬೇಕೋ ಎಲ್ಲ ಇದೆ ಎಂದ. ರೂಮಿನಿಂದ ನೋಡಲು ಬಂದಿದ್ದ ಲ್ಯಾನ್ಸಿಯವರು ಅಲ್ತಾರಿಗೆ ಕೈಮುಗಿದು, “ಅಡ್ಡಿಲ್ಲ ಮಾರಾಯ, ಗ್ರೆಟ್ಟಾಬಾಯಿಗೆ ಖುಷಿಯಾಗ್ತದೆ” ಎಂದರು. ಶಬ್ಬೀರ್‌ಭಾಯಿ ಪೆನ್ಸಿಲನ್ನು ಕಿವಿಯಿಂದ ತೆಗೆದು, “ಔರ್ ಕುಛ್ ರಹ್ ಗಯಾ ಕ್ಯಾ, ಭಾಯಿ?” ಎಂದು ಕೇಳಿದ. ನಾನು ಸುತ್ತ ಒಮ್ಮೆ ಕಣ್ಣಾಡಿಸಿ, ಏನೂ ಉಳಿದಿಲ್ಲ ಎಂದೆ. ಅಲ್ಲಿದ್ದವರೆಲ್ಲ ಊರಿನಲ್ಲಿ ಮನೆ ಕಟ್ಟಿಸಿದವರು ಅಥವಾ ಕಟ್ಟಿಸುತ್ತಿರುವವರು. ಎಲ್ಲರೂ ಮನೆಯೆಂದರೆ ತಾವಿಲ್ಲದ ಜಾಗವೆಂದೇ ಲೆಕ್ಕ ಹಾಕಿ ರೂಢಿಯಾದವರು.

ನಾನು ಊರಿನಲ್ಲಿ ಕಟ್ಟಿಸಿದ ಮನೆಯೂ ಹೀಗೆಯೇ. ನೆಲಕ್ಕೆ ಯಾವ ಟೈಲ್ಸ್, ಕಿಟಕಿಗೆ ಯಾವ ಬಣ್ಣ ಎಂದು ಇಲ್ಲಿಂದಲೇ ಫೋನಿನಲ್ಲಿ ಆರಿಸಿದವನು ನಾನು. ರಜೆಯಲ್ಲಿ ಹೋದಾಗ ನನ್ನ ಬಟ್ಟೆ ಮಾತ್ರ ಸೂಟ್‌ಕೇಸಿನಲ್ಲೇ ಇರುತ್ತದೆ. ಸೂಟ್‌ಕೇಸ್ ಹಾಲಿನ ಒಂದು ಕುರ್ಚಿಯ ಮೇಲಿರುತ್ತದೆ. ಯಾರಾದರೂ ನೆಂಟರು ಬಂದರೆ ಅದನ್ನು ನೆಲಕ್ಕಿಳಿಸಿ ಅವರನ್ನು ಕೂರಿಸುತ್ತೇವೆ. ಇದು ಕಷ್ಟವೆಂದು ನನಗೆ ಯಾವತ್ತೂ ಅನಿಸಿದ್ದಿಲ್ಲ. ಹೇಗೂ ಸ್ವಲ್ಪ ದಿನದಲ್ಲಿ ಅದನ್ನು ಪುನಃ ತುಂಬಿಸಬೇಕಲ್ಲ, ಖಾಲಿ ಮಾಡುವುದೇಕೆ ಎಂದುಕೊಳ್ಳುತ್ತಿದ್ದೆ.

ಅಂತೂ ಗ್ರೆಟ್ಟಾ ಮಕ್ಕಳೊಂದಿಗೆ ಬಂದಿಳಿದಳು. ವಿಮಾನ ನಿಲ್ದಾಣದಿಂದ ನೇರ ಕ್ಯಾರವಾನಿಗೆ ಕರೆದುಕೊಂಡು ಬಂದೆ. ಎಲ್ಸ್ಟನ್ ಓಡಿಹೋಗಿ ಚಕ್ರಕ್ಕೊಂದು ಒದೆ ಕೊಟ್ಟು ಒಳಗೆ ನುಗ್ಗಿದ. ರಿಯೋನಾ ಪರದೆ ಎಳೆದು ನೋಡಿ, “ಇಟ್ಸ್ ಓಕೆ, ಡ್ಯಾಡಿ” ಎಂದಳು. ಆ ವಯಸ್ಸಿನ ಮಕ್ಕಳಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಗುವುದಿಲ್ಲ. ಗ್ರೆಟ್ಟಾ ಅಲ್ತಾರಿನ ದೀಪದ ಸ್ವಿಚ್ ಹಾಕಿ, ಕಪಾಟು ತೆರೆದು ಮುಚ್ಚಿ, ನನ್ನನ್ನೊಮ್ಮೆ ನೋಡಿದಳು. ಅವಳ ಕಣ್ಣು ತುಂಬಿತ್ತು. ಸಂಜೆ ಎಲ್ಲರೂ ಸೇರಿ ಜಪಸರ ಹೇಳಿದೆವು, ಊರಿನಿಂದ ತಂದ ಒಣಮೀನಿನ ಚಟ್ನಿಯಲ್ಲಿ ಗಂಜಿ ಉಂಡೆವು. ನಾನು ನಿಂತುಕೊಂಡೇ ಉಂಡೆ. ಇಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ. ಉಂಡು ತಟ್ಟೆ ತೊಳೆದಿಟ್ಟು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, “ಸರಿ ಹಾಗಾದರೆ, ಬರ್ತೇನೆ” ಎಂದೆ.

ಮಕ್ಕಳಿಬ್ಬರೂ ತಮ್ಮ ತಮ್ಮ ಹಾಸಿಗೆಯಿಂದಲೇ ಕೈಬೀಸಿ ಬೈ ಎಂದರು. ಅವರಿಗೆ ಅಭ್ಯಾಸವಿತ್ತು. “ನೆಕ್ಸ್ಟ್ ಟೈಮ್ ಬರುವಾಗ ಚಾಕಲೇಟ್, ಡ್ಯಾಡಿ” ಎಂದ ಎಲ್ಸ್ಟನ್. ಗ್ರೆಟ್ಟಾ ಮಾತ್ರ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದುಕೊಂಡು, “ಎಲ್ಲಿಗೆ?” ಎಂದಳು. ನಾನು, “ರೂಮಿಗೆ” ಎಂದೆ. ಹೇಳಿದ ಮೇಲೆ ನನಗೇ ಕೇಳಿಸಿತು. ಅವಳು ಎಲ್ಸ್ಟನ್‌ನ ಹಾಸಿಗೆ ನೋಡಿದಳು, ಮೇಲಿನದನ್ನು ನೋಡಿದಳು, ತನ್ನ ಮಂಚವನ್ನು ನೋಡಿದಳು. ಆಮೇಲೆ ಬಾಗಿಲ ಹಿಂದಿನ ಗೂಟಗಳನ್ನೂ ನೋಡಿದಳು. “ನಿಮ್ಮದು ಎಲ್ಲಿ?” ಎಂದು ಬಹಳ ಮೆಲ್ಲಗೆ ಕೇಳಿದಳು. ನಾನು ಫ್ರಿಜ್ಜಿನ ಬಾಗಿಲು ತೆರೆದು ಸುಮ್ಮನೆ ಒಳಗೆ ನೋಡಿದೆ.

ಆಮೇಲೆ ನನ್ನನ್ನು ಒಳಗೆ ತುರುಕಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ನಡುವಿನ ಓಡಾಡುವ ಜಾಗಕ್ಕೆ ಕೀಲು ಹಾಕಿದ ಹಲಗೆ ಮಾಡಿಸಿದೆ. ಅದನ್ನು ಬಿಡಿಸಿದರೆ ಬಾತ್‌ರೂಮಿನ ಬಾಗಿಲು ತೆರೆಯುತ್ತಿರಲಿಲ್ಲ, ಎಲ್ಸ್ಟನ್‌ಗೆ ಅವಸರವಾದಾಗಲೆಲ್ಲ ನಾನು ಎದ್ದು ಹಾಸಿಗೆ ಸಮೇತ ಗೋಡೆಗೆ ಮಡಚಿಕೊಳ್ಳಬೇಕಿತ್ತು. ಅವನನ್ನು ತಾಯಿಯ ಹತ್ತಿರ ಮಲಗಿಸಿ ಅವನ ಹಾಸಿಗೆಯಲ್ಲಿ ನಾನು ಮಲಗಿದೆ. ಅವನ ಎತ್ತರಕ್ಕೆ ಮಾಡಿದ ಹಾಸಿಗೆಯಿಂದ ನನ್ನ ಕಾಲು ಮೊಣಕಾಲಿನವರೆಗೆ ಹೊರಗೆ ಬರುತ್ತಿತ್ತು. ರಿಯೋನಾ ಅದಕ್ಕೆ ಎಡವಿ ಬಿದ್ದು ಹಲ್ಲಿನ ತುದಿ ಮುರಿದುಕೊಂಡಳು. ಕಪಾಟು ಕಿತ್ತರೆ ಮಂಚ ಅಗಲವಾಗುತ್ತಿತ್ತು, ಆದರೆ ಬಟ್ಟೆ ಎಲ್ಲಿಡುವುದು? ಓದುವ ಮೇಜು ತೆಗೆಯೋಣವೆಂದರೆ ಮಗಳ ಮುಖ ನೋಡಿ ಮನಸ್ಸು ಬರಲಿಲ್ಲ. ಅಲ್ತಾರಿನ ಮಾತೆತ್ತುವ ಧೈರ್ಯ ನನಗಿರಲಿಲ್ಲ. “ಸ್ವಲ್ಪ ದಿನ, ಏನಾದರೊಂದು ವ್ಯವಸ್ಥೆ ಮಾಡುವವರೆಗೆ” ಎಂದು ಹೇಳಿ ಮಂಗಫಿನ ರೂಮಿಗೆ ಹೋಗಿ ಮಲಗತೊಡಗಿದೆ. ಅಲ್ಲಿ ನನ್ನ ಹಾಸಿಗೆ ಹಾಗೆಯೇ ಇತ್ತು, ಅದನ್ನು ಬಿಟ್ಟುಕೊಡಬೇಕೆಂಬುದೂ ನನಗೆ ಹೊಳೆದಿರಲಿಲ್ಲ. ನನ್ನನ್ನು ಕಂಡು ಲ್ಯಾನ್ಸಿಯವರು, “ಎಂತ ವಿಕ್ಟರ್, ಲೀವ್ ಮುಗೀತಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ವ್ಯವಸ್ಥೆ ಮಾಡುತ್ತೇನೆಂದದ್ದು ಹಾಗೆಯೇ ಉಳಿಯಿತು. ಬೆಳಿಗ್ಗೆ ತಿಂಡಿಗೆ ಹೋಗುತ್ತಿದ್ದೆ, ಸಂಜೆ ಊಟಕ್ಕೆ ಹೋಗುತ್ತಿದ್ದೆ. ಬರುವಾಗಲೆಲ್ಲ ಕೈಯಲ್ಲಿ ಏನಾದರೂ ಹಿಡಿದುಕೊಂಡು ಬರುತ್ತಿದ್ದೆ, ಬರಿಗೈಯಲ್ಲಿ ಬಂದರೆ ಸಂಕೋಚವಾಗುತ್ತಿತ್ತು. ಮಕ್ಕಳು ಮೊದಲು ಚೀಲ ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು. ಮನೆಯಲ್ಲಿ ಏನೋ ಜಗಳವಾಗಿ ಮೂವರೂ ಮುಖ ಊದಿಸಿಕೊಂಡಿದ್ದರೆ ನಾನು ಬಾಗಿಲು ತಟ್ಟಿದ ಕೂಡಲೇ ಸರಿಯಾಗಿ ಕೂತು ನಗುತ್ತಿದ್ದರು, ನೆಂಟರೆದುರು ನಗುವ ಹಾಗೆ. ಅದು ನನ್ನ ಮನಸ್ಸಿಗೆ ಬಹಳ ಚುಚ್ಚುತ್ತಿತ್ತು. ಅಷ್ಟರಲ್ಲಿ ಬಿಸಿಲೂ ಏರಿತು. ಟ್ಯಾಂಕಿನ ನೀರು ಕುದಿದ ಹಾಗಿರುತ್ತಿತ್ತು, ಎಸಿ ಹಾಕಿದರೆ ಗ್ರೈಂಡರ್ ನಿಲ್ಲುತ್ತಿತ್ತು. ಗ್ರೆಟ್ಟಾ ಅದಕ್ಕೆಲ್ಲ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಗೊಣಗಾಟಕ್ಕೆ ಸ್ಟೋರಿನಲ್ಲಿ ಬಿಡಿಭಾಗ ಸಿಗುತ್ತದೆ.

ಶಾಲೆಗೆ ರಜೆ ಹತ್ತಿರ ಬಂದಾಗ ಒಂದು ಸಂಜೆ ಕ್ಯಾರವಾನಿನ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೆವು. “ನಾವು ಹೊರಡ್ತೇವೆ” ಎಂದಳು. ಬಿಸಿಲು ಇಳಿದ ಮೇಲೆ ಸರಿಯಾಗುತ್ತದೆ ಎಂದೆ. “ಬಿಸಿಲಿಗೆ ಅಲ್ಲ ಮಾರಾಯ್ರೇ. ನಿಮ್ಮ ಒಟ್ಟಿಗೆ ಇರ್ಲಿಕ್ಕೆ ಅಂತ ಬಂದದ್ದು. ಇಲ್ಲಿಯೂ ನೀವು ಬಂದು ಹೋಗುವವರೇ ಆದರೆ, ಊರಿನಲ್ಲಾದರೆ ಬಾವಿಯಾದರೂ ಉಂಟು.” ಮೇಜು ತೆಗೆಯುತ್ತೇನೆ, ಕಪಾಟು ಕೀಳುತ್ತೇನೆ, ಬೇಕಾದರೆ ಅಲ್ತಾರನ್ನೂ ಇಳಿಸುತ್ತೇನೆ ಎಂದೆ. ಅವಳು ನನ್ನ ಕೈಮೇಲೆ ಕೈಯಿಟ್ಟು, “ಜಾಗ ಸಾಲದೆ ಹೋದದ್ದಾಗಿದ್ದರೆ ನಾನೇ ಕಿತ್ತು ಹಾಕ್ತಿದ್ದೆ. ನೀವು ನಿಮ್ಮನ್ನು ಲೆಕ್ಕಕ್ಕೆ ಹಿಡೀಲೇ ಇಲ್ಲವಲ್ಲ, ಅದಕ್ಕೆ ನಾನೆಂತ ಮಾಡುವುದು?” ಎಂದಳು. ನನಗೆ ಅಳು ಬಂತು. ಮೆಟ್ಟಿಲಿನ ಒಂದು ಸ್ಕ್ರೂ ಸಡಿಲವಾಗಿತ್ತು, ಅದನ್ನು ಉಗುರಿನಿಂದ ತಿರುಗಿಸುತ್ತಾ ಕೂತೆ.

ಅವರು ಹೋದ ಮೇಲೆ ಮಂಗಫಿನ ರೂಮನ್ನು ಕೊನೆಗೂ ಬಿಟ್ಟುಕೊಟ್ಟು ಕ್ಯಾರವಾನಿಗೇ ಬಂದೆ. ಹಾಳುಬಿಡುವುದೇಕೆ? ಈಗ ನಾನು ಸ್ವಂತ ಮನೆಯಿರುವ ಬ್ಯಾಚುಲರ್, ಇಡೀ ಕುವೈತಿನಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ಮೂರು ಹಾಸಿಗೆಗಳಿವೆ. ಅವು ಅವರವರದು ಎಂದು ಅನಿಸಿ ನಾನು ಹಲಗೆ ಬಿಡಿಸಿಕೊಂಡು ನಡುವೆಯೇ ಮಲಗುತ್ತೇನೆ. ಬಾತ್‌ರೂಮಿನ ಬಾಗಿಲು ಈಗಲೂ ತೆರೆಯುವುದಿಲ್ಲ. ಸಂಜೆ ಅಲ್ತಾರಿನ ದೀಪ ಹಾಕಿ ಜಪಸರ ಹೇಳುತ್ತೇನೆ, ನಿಂತುಕೊಂಡೇ ಉಣ್ಣುತ್ತೇನೆ, ತಟ್ಟೆ ತೊಳೆದಿಡುತ್ತೇನೆ. ಆಮೇಲೆ ಕಾಲು ತನ್ನಷ್ಟಕ್ಕೆ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತದೆ, ಬಾಯಿ ‘ಸರಿ, ಬರ್ತೇನೆ’ ಎಂದುಬಿಡುತ್ತದೆ. ಎಲ್ಲಿಗೆ ಎಂದು ಯಾರಾದರೂ ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತಿರುತ್ತೇನೆ. ಯಾರೂ ಕೇಳದಿದ್ದಾಗ ಚಪ್ಪಲಿ ಬಿಟ್ಟು ವಾಪಸು ಬಂದು ಎಲ್ಸ್ಟನ್‌ನ ಸ್ಟೂಲಿನ ಮೇಲೆ ಕೂರುತ್ತೇನೆ.